ಪ್ಲಾನ್ ಸರಿಯಿತು, ಆಫ್ ಮಾಡಿದ್ದ ಕಾಲಂ ಲೇಯರ್ ಅಲ್ಲೇ ಉಳಿಯಿತು: ಆಟೋಕ್ಯಾಡ್‌ನಲ್ಲಿ ಆಫ್, ಫ್ರೀಜ್, ವಿಪಿ ಫ್ರೀಜ್ ಯಾವುದನ್ನು ಎಲ್ಲಿ ಬಳಸಬೇಕು?

ಸೆಂಟರ್‌ಲೈನ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಸಣ್ಣದೊಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಮೂರು ವರ್ಷಗಳಿಂದ ಡ್ರಾಫ್ಟ್ಸ್‌ಮನ್ ಆಗಿದ್ದೇನೆ, ನಕ್ಷೆ ಬರೆಯುವುದು ಆಟೋಕ್ಯಾಡ್ ತಂತ್ರಾಂಶದಲ್ಲಿ. ಈಗ ನನ್ನ ಕೈಯಲ್ಲಿರುವುದು 30×40 ನಿವೇಶನದಲ್ಲಿ ನೆಲಮಹಡಿ ಮತ್ತು ಅದರ ಮೇಲೆ ಎರಡು ಮಹಡಿಗಳಿರುವ ಮನೆಯ ಕೆಲಸ. ಪ್ರತಿ ಮಹಡಿಗೂ ಒಂದೇ ಪ್ಲಾನ್ ಬರೆದು ಗೋಡೆ, ಬಾಗಿಲು-ಕಿಟಕಿ, ಕಾಲಂ, ಸೆಂಟರ್ ಲೈನ್, ಪೀಠೋಪಕರಣ, ಎಲೆಕ್ಟ್ರಿಕಲ್, ಪ್ಲಂಬಿಂಗ್, ಅಳತೆ ಇವೆಲ್ಲವನ್ನೂ ಪ್ರತ್ಯೇಕ ಲೇಯರ್‌ಗಳಲ್ಲಿ, ಅಂದರೆ ಒಂದರ ಮೇಲೊಂದು ಕೂರುವ ಪಾರದರ್ಶಕ ಪದರಗಳಲ್ಲಿ, ಇಟ್ಟಿದ್ದೇನೆ. ಯಾವ ಶೀಟ್ ಪ್ರಿಂಟ್ ಆಗಬೇಕೋ ಅದಕ್ಕೆ ಬೇಡವಾದ ಲೇಯರ್‌ಗಳ ಬಲ್ಬ್ ಚಿಹ್ನೆ ಆರಿಸಿ, ಅಂದರೆ ಅವನ್ನು ಆಫ್ ಮಾಡಿ, ಪ್ರಿಂಟ್ ತೆಗೆಯುವುದು ನಾನು ಮೊದಲಿನಿಂದ ಮಾಡಿಕೊಂಡು ಬಂದ ಪದ್ಧತಿ.

ಕಳೆದ ತಿಂಗಳು ಒಂದು ಬದಿಯಲ್ಲಿ ಸೆಟ್‌ಬ್ಯಾಕ್ (ಎಲ್ಲೆಯಿಂದ ಬಿಡಬೇಕಾದ ಖಾಲಿ ಜಾಗ) ಸಾಲುವುದಿಲ್ಲವೆಂದು ಗೊತ್ತಾಗಿ ಇಡೀ ಪ್ಲಾನನ್ನು 300 ಮಿ.ಮೀ. ಪೂರ್ವಕ್ಕೆ ಸರಿಸಬೇಕಾಯಿತು. ನಿವೇಶನದ ಎಲ್ಲೆ ಸೇರದಂತೆ ಎಡದಿಂದ ಬಲಕ್ಕೆ ವಿಂಡೋ ಎಳೆದು, ಕಂಡದ್ದನ್ನೆಲ್ಲ ಆಯ್ದು ಮೂವ್ ಮಾಡಿದೆ. ಆ ಹೊತ್ತಿಗೆ ಕಾಲಂ ಮತ್ತು ಸೆಂಟರ್ ಲೈನ್ ಲೇಯರ್‌ಗಳು ಆಫ್ ಆಗಿದ್ದುದು ನನ್ನ ಗಮನದಲ್ಲಿರಲಿಲ್ಲ. ಗೋಡೆಗಳು ಸರಿದವು, ಕಾಲಂಗಳು ಇದ್ದಲ್ಲೇ ಉಳಿದವು. ಸೆಂಟರ್ ಲೈನ್ ಶೀಟಿನಲ್ಲಿ ಗೋಡೆಯ ಲೇಯರ್ ಆಫ್ ಇರುತ್ತದಾದ್ದರಿಂದ ಪ್ರಿಂಟ್ ನೋಡಿದಾಗಲೂ ತಪ್ಪು ಕಣ್ಣಿಗೆ ಬೀಳಲಿಲ್ಲ. ಪಾಯದ ಗುರುತು ಹಾಕುವಾಗ ಮೇಸ್ತ್ರಿಯವರೇ ಎರಡು ಶೀಟುಗಳನ್ನು ಪಕ್ಕಪಕ್ಕ ಹಿಡಿದು, ಎಲ್ಲೆಯಿಂದ ಮೊದಲ ಕಾಲಂವರೆಗಿನ ಅಳತೆ ಒಂದಕ್ಕೊಂದು ತಾಳೆಯಾಗುತ್ತಿಲ್ಲವೆಂದು ಫೋನ್ ಮಾಡಿದರು. ಅಗೆತ ಇನ್ನೂ ಶುರುವಾಗಿರಲಿಲ್ಲ, ಸುಣ್ಣದ ಗೆರೆ ಅಳಿಸಿ ಮತ್ತೆ ಹಾಕುವಷ್ಟಕ್ಕೇ ಮುಗಿಯಿತು.

ನನ್ನ ಪ್ರಶ್ನೆಗಳು ಮೂರು. ಆಫ್ ಬದಲು, ಲೇಯರ್ ಮುಚ್ಚುವ ಇನ್ನೊಂದು ಬಗೆಯಾದ ಫ್ರೀಜ್ ಮಾಡಿದ್ದರೆ ಈ ತಪ್ಪು ತಪ್ಪುತ್ತಿತ್ತೇ? ಎಂಟು ಶೀಟುಗಳಿಗೆ ಪ್ರತಿಸಲವೂ ಬಲ್ಬ್ ಒತ್ತುತ್ತ ಕೂರದೆ ಕೆಲಸ ಮಾಡುವ ಕ್ರಮ ಯಾವುದು? ಗೋಡೆಯ ಲೇಯರ್ ಆಫ್ ಮಾಡಿದಾಗ ಕೆಲವು ಬಾಗಿಲುಗಳು ಗಾಳಿಯಲ್ಲಿ ನಿಂತಂತೆ ಉಳಿಯುತ್ತವೆ, ಕೆಲವು ಗೋಡೆಯೊಂದಿಗೆ ಮಾಯವಾಗುತ್ತವೆ. ಇದು ಏಕೆ?

ಹಳೆಯ ಟ್ರೇಸಿಂಗ್:

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಎಂಬುದೇ. ಫ್ರೀಜ್ ಮಾಡಿದ್ದರೂ ಕಾಲಂಗಳು ಹಿಂದೆಯೇ ಉಳಿಯುತ್ತಿದ್ದವು. ವಿಂಡೋ ಎಳೆದು ಆಯುವಾಗ ಪರದೆಯ ಮೇಲೆ ಕಾಣದ ವಸ್ತು ಆಯ್ಕೆಗೆ ಬರುವುದಿಲ್ಲ, ಅದು ಆಫ್ ಆದದ್ದಾದರೂ ಸರಿ, ಫ್ರೀಜ್ ಆದದ್ದಾದರೂ ಸರಿ.

ಆದರೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಅಪಾಯವಿದೆ, ಅದು ಆಫ್ ಮಾಡುವವರಿಗೆ ಮಾತ್ರ ಕಾದಿರುತ್ತದೆ. ಇರೇಸ್ ಆಜ್ಞೆ ಕೊಟ್ಟು, ಆಯ್ಕೆಯ ಜಾಗದಲ್ಲಿ 'ಆಲ್' ಎಂದು ಬರೆದು ನೋಡಿ. ಆಫ್ ಆದ ಲೇಯರ್‌ನಲ್ಲಿರುವ, ನಿಮ್ಮ ಕಣ್ಣಿಗೆ ಕಾಣದ ವಸ್ತುಗಳೂ ಅಳಿಸಿಹೋಗುತ್ತವೆ. ಫ್ರೀಜ್ ಆದವು ಮತ್ತು ಲಾಕ್ ಆದವು (ಕಂಡರೂ ತಿದ್ದಲು ಬಾರದವು) ಉಳಿಯುತ್ತವೆ. ಕಂಟ್ರೋಲ್ ಜೊತೆ ಎ ಒತ್ತಿದರೂ ಹೀಗೆಯೇ. ಅಂದರೆ ಆಫ್ ಆದ ಲೇಯರ್ ಕತ್ತಲೆ ಕೋಣೆಯಲ್ಲಿ ಎಚ್ಚರವಾಗಿ ಕುಳಿತಿರುವ ಮನುಷ್ಯನಂತೆ: ನಿಮಗೆ ಅವನು ಕಾಣುವುದಿಲ್ಲ, ಆದರೆ ಎಲ್ಲರೂ ಬನ್ನಿ ಎಂದು ಕೂಗಿದರೆ ಅವನೂ ಎದ್ದು ಬರುತ್ತಾನೆ. ಫ್ರೀಜ್ ಆದ ಲೇಯರ್‌ಗೆ ಆ ಕೂಗು ಕೇಳಿಸುವುದೇ ಇಲ್ಲ.

ಈ ವ್ಯತ್ಯಾಸ ಏಕೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಹಳಬನ ಮಾತು ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಲೇಯರ್ ಎಂಬ ಕಲ್ಪನೆ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. ಪಾರದರ್ಶಕ ಹಾಳೆಗಳ ಅಂಚಿಗೆ ರಂಧ್ರ ಮಾಡಿ, ಬೋರ್ಡಿನ ಮೇಲಿನ ಪಿನ್ನುಗಳಿಗೆ ಸಿಕ್ಕಿಸಿ, ಅಡಿಯಲ್ಲಿ ಗೋಡೆಯ ಹಾಳೆ, ಅದರ ಮೇಲೆ ವಿದ್ಯುತ್ತಿನದು, ಅದರ ಮೇಲೆ ನೀರಿನದು ಹೀಗೆ ಒಂದರ ಮೇಲೊಂದು ಇಟ್ಟು ಬರೆಯುವ ಕ್ರಮ ಮೊದಲೇ ಇತ್ತು. ಬೇಕಾದ ಹಾಳೆಗಳನ್ನಷ್ಟೇ ಒಟ್ಟು ಹಿಡಿದು ಪ್ರಿಂಟ್ ತೆಗೆಯುತ್ತಿದ್ದರು. ಆಟೋಕ್ಯಾಡ್ 1982ರಲ್ಲಿ ಬಂದಾಗ ಹಾಳೆಯ ಜಾಗಕ್ಕೆ ಲೇಯರ್ ಬಂತು. ಕಾಗದದಲ್ಲಿ ಹಾಳೆ ತೆಗೆದಿಟ್ಟರೆ ತೆಗೆದಿಟ್ಟ ಹಾಗೆಯೇ, ಅದರಲ್ಲಿ ಎರಡು ಬಗೆಯಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಎರಡು ಬಗೆಯಾಯಿತು. ಆಫ್ ಮಾಡಿದ ಲೇಯರನ್ನು ಯಂತ್ರ ತೋರಿಸುವುದಿಲ್ಲವಾದರೂ ರೀಜನ್ (ಇಡೀ ಚಿತ್ರವನ್ನು ಹೊಸದಾಗಿ ಲೆಕ್ಕಹಾಕಿ ತೋರಿಸುವುದು) ಆಗುವಾಗಲೆಲ್ಲ ಅದರ ಲೆಕ್ಕ ಮಾಡುತ್ತಲೇ ಇರುತ್ತದೆ. ಫ್ರೀಜ್ ಮಾಡಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾವು ಕಲಿತ ಕಾಲದ ಯಂತ್ರಗಳಲ್ಲಿ ದೊಡ್ಡ ನಕ್ಷೆ ತೆರೆದು ರೀಜನ್ ಕೊಟ್ಟರೆ ಎದ್ದು ಹೋಗಿ ಚಹಾ ಕುಡಿದು ಬರಬಹುದಿತ್ತು. ಹ್ಯಾಚ್ ಮತ್ತು ಅಕ್ಷರಗಳ ಲೇಯರನ್ನು ಫ್ರೀಜ್ ಮಾಡದೆ ಕೆಲಸವೇ ಸಾಗುತ್ತಿರಲಿಲ್ಲ. ಥಾ ಮಾಡಿದಾಗ, ಅಂದರೆ ಫ್ರೀಜ್ ತೆಗೆದಾಗ, ಮತ್ತೆ ರೀಜನ್ ಕಾಯಬೇಕಾಗುತ್ತಿದ್ದುದರಿಂದ, ಆಗಾಗ ತೆಗೆದು ಹಾಕುವ ಲೇಯರ್‌ಗೆ ಆಫ್, ಬಹಳ ಹೊತ್ತು ಬೇಡದ್ದಕ್ಕೆ ಫ್ರೀಜ್ ಎಂಬ ನಿಯಮ ಹುಟ್ಟಿತು. ಇಂದಿನ ಯಂತ್ರಗಳಲ್ಲಿ ಆ ಕಾರಣಕ್ಕೆ ಅಷ್ಟೇನೂ ಬೆಲೆ ಉಳಿದಿಲ್ಲ. ಆದರೂ ನಿಯಮವನ್ನು ಮಾತ್ರ ಎಲ್ಲ ತರಬೇತಿ ಕೇಂದ್ರಗಳಲ್ಲೂ ಹಾಗೆಯೇ ಹೇಳಿಕೊಡುತ್ತಾರೆ, ಇಂದು ನಿಜವಾಗಿ ಮುಖ್ಯವಾದ ಆಯ್ಕೆಯ ವ್ಯತ್ಯಾಸವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇನ್ನೊಂದು ಸಂಗತಿ. ಕರೆಂಟ್ ಲೇಯರನ್ನು, ಅಂದರೆ ಸದ್ಯ ಗೆರೆ ಎಳೆಯುತ್ತಿರುವ ಲೇಯರನ್ನು, ಫ್ರೀಜ್ ಮಾಡಲು ತಂತ್ರಾಂಶ ಬಿಡುವುದಿಲ್ಲ, ಆಫ್ ಮಾಡಲು ಬಿಡುತ್ತದೆ. ಎಚ್ಚರಿಕೆಯ ಸಂದೇಶವೇನೋ ಬರುತ್ತದೆ, ಅದನ್ನು ಓದದೆ ಒತ್ತಿದರೆ ಆಮೇಲೆ ನೀವು ಎಳೆಯುವ ಗೆರೆಗಳೆಲ್ಲ ಎಳೆದ ಕೂಡಲೇ ಕಾಣೆಯಾಗುತ್ತವೆ. ಗೆರೆ ಬರುತ್ತಿಲ್ಲವೆಂದು ಹತ್ತು ಸಲ ಎಳೆದು, ಒಂದರ ಮೇಲೊಂದು ಹತ್ತು ಗೆರೆ ಮಾಡಿಟ್ಟ ಹುಡುಗರನ್ನು ನೋಡಿದ್ದೇನೆ.

ಪ್ಲಾನ್ ಸರಿಸುವ ಮೊದಲು ಮಾಡಬೇಕಾದದ್ದು ಇಷ್ಟೇ: ಎಲ್ಲ ಲೇಯರ್ ಆನ್, ಎಲ್ಲ ಥಾ, ಎಲ್ಲ ಅನ್‌ಲಾಕ್. ಕೆಲಸ ಮುಗಿದ ಮೇಲೆ ಲೇಯರ್ ಪ್ರೀವಿಯಸ್ ಆಜ್ಞೆ ಕೊಟ್ಟರೆ ಲೇಯರ್‌ಗಳು ಹಿಂದಿನ ಸ್ಥಿತಿಗೆ ಹೋಗುತ್ತವೆ, ನೀವು ಸರಿಸಿದ್ದು ಸರಿಸಿದಂತೆಯೇ ಇರುತ್ತದೆ. ಅನ್‌ಡೂಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಡಕ್ಟ್ ಮತ್ತು ಪೈಪು:

ನಾನು ಮಂಗಳೂರಿನವಳು, ದುಬೈಯಲ್ಲಿ ಕಟ್ಟಡಗಳ ಎಸಿ, ವಿದ್ಯುತ್, ಪ್ಲಂಬಿಂಗ್ ಡ್ರಾಯಿಂಗ್‌ಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಮಾಡುತ್ತೇನೆ. ಟ್ರೇಸಿಂಗ್ ಸರ್ ಹೇಳಿದ್ದೆಲ್ಲ ಸರಿ. ಎರಡನೆಯ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ.

ಸೆಂಟರ್‌ಲೈನ್ ಅವರೇ, ನೀವು ಪ್ಲಾನ್ ಬರೆಯುವ ಜಾಗವಾದ ಮಾಡೆಲ್ ಸ್ಪೇಸಿನಿಂದಲೇ ನೇರವಾಗಿ ಪ್ರಿಂಟ್ ತೆಗೆಯುತ್ತಿದ್ದೀರಿ ಎಂದು ನನ್ನ ಊಹೆ. ನಿಮ್ಮ ತೊಂದರೆಯ ಬೇರು ಅಲ್ಲಿದೆ. ಬಲ್ಬ್ ಆರಿಸಿದರೆ, ಅಥವಾ ಲೇಯರ್ ಪಟ್ಟಿಯ ಫ್ರೀಜ್ ಅಂಕಣದಲ್ಲಿ ಸೂರ್ಯನ ಚಿಹ್ನೆಯನ್ನು ಒತ್ತಿ ಹಿಮವಾಗಿಸಿದರೆ, ಅದು ಇಡೀ ಕಡತಕ್ಕೆ ಅನ್ವಯವಾಗುತ್ತದೆ. ಎಲೆಕ್ಟ್ರಿಕಲ್ ಶೀಟಿಗೆಂದು ಪೀಠೋಪಕರಣ ಮುಚ್ಚಿದರೆ ಫರ್ನಿಚರ್ ಶೀಟಿನಲ್ಲೂ ಅದು ಮುಚ್ಚಿಹೋಗುತ್ತದೆ. ಒಂದು ಶೀಟಿಗೆ ಮಾತ್ರ ಸಂಬಂಧಪಟ್ಟ ತೀರ್ಮಾನವನ್ನು ಇಡೀ ಕಡತದ ಮೇಲೆ ಹೇರಿದ್ದರಿಂದಲೇ ನೀವು ಪ್ರತಿಸಲ ಎಲ್ಲವನ್ನೂ ಮೊದಲಿನಿಂದ ಒತ್ತುತ್ತ ಕೂರಬೇಕಾಗಿದೆ.

ಇದಕ್ಕೆ ಪರಿಹಾರ 1990ರ ರಿಲೀಸ್ 11ರಲ್ಲಿ, ಪ್ರಿಂಟಿನ ಹಾಳೆ ಜೋಡಿಸುವ ಜಾಗವಾದ ಪೇಪರ್ ಸ್ಪೇಸ್ ಬಂದಾಗಿನಿಂದಲೂ ಇದೆ. ಎಂಟು ಶೀಟಿಗೆ ಎಂಟು ಲೇಔಟ್ (ಅಲ್ಲಿನ ಒಂದೊಂದು ಹಾಳೆ) ಮಾಡಿಕೊಳ್ಳಿ. ಪ್ರತಿ ಲೇಔಟಿನಲ್ಲಿ ವ್ಯೂಪೋರ್ಟ್ (ಮಾಡೆಲ್ ಸ್ಪೇಸನ್ನು ತೋರಿಸುವ ಕಿಟಕಿ) ಇಟ್ಟು, ಅದರೊಳಗೆ ಎರಡು ಸಲ ಕ್ಲಿಕ್ ಮಾಡಿ ಹೊಕ್ಕ ಮೇಲೆ ಲೇಯರ್ ಪಟ್ಟಿ ತೆರೆದರೆ ವಿಪಿ ಫ್ರೀಜ್ (ವಿಪಿ ಎಂದರೆ ವ್ಯೂಪೋರ್ಟ್) ಎಂಬ ಇನ್ನೊಂದು ಅಂಕಣ ಕಾಣುತ್ತದೆ. ಅಲ್ಲಿ ಫ್ರೀಜ್ ಮಾಡಿದ್ದು ಆ ವ್ಯೂಪೋರ್ಟಿಗೆ ಮಾತ್ರ ಅನ್ವಯ. ಮಾಡೆಲ್ ಸ್ಪೇಸಿನಲ್ಲಿ ಎಲ್ಲವೂ ಕಾಣುತ್ತಲೇ ಇರುತ್ತದೆ. ಎಲ್ಲವೂ ಕಾಣುತ್ತಿದ್ದಲ್ಲಿ ಸರಿಸಿದರೆ ಎಲ್ಲವೂ ಸರಿಯುತ್ತದೆ. ನಿಮ್ಮ ಕಾಲಂ ಅವಘಡ ನಡೆಯುವ ಅವಕಾಶವೇ ಇರುವುದಿಲ್ಲ.

ಅದೇ ಸಾಲಿನಲ್ಲಿ ಬಲಕ್ಕೆ ಹೋದರೆ ವಿಪಿ ಬಣ್ಣ, ವಿಪಿ ಲೈನ್‌ಟೈಪ್, ವಿಪಿ ಲೈನ್‌ವೇಟ್ ಸಿಗುತ್ತವೆ. ಇವು 2008ರ ಆವೃತ್ತಿಯಿಂದ ಬಂದವು. ಎಲೆಕ್ಟ್ರಿಕಲ್ ಶೀಟಿನಲ್ಲಿ ಗೋಡೆ ಪೂರ್ತಿ ಕಾಣದಿದ್ದರೆ ಸ್ವಿಚ್ ಬೋರ್ಡ್ ಎಲ್ಲಿದೆ ಎಂದು ತಿಳಿಯುವುದಿಲ್ಲ, ದಪ್ಪ ಕಪ್ಪಾಗಿ ಕಂಡರೆ ವೈರಿಂಗ್ ಎದ್ದು ಕಾಣುವುದಿಲ್ಲ. ಗೋಡೆಯನ್ನು ಆ ವ್ಯೂಪೋರ್ಟಿನಲ್ಲಿ ಮಾತ್ರ ಬೂದು ಬಣ್ಣಕ್ಕೆ ಇಳಿಸಿ. ನನ್ನ ಅನುಭವದಲ್ಲಿ ಲೇಯರನ್ನು ಪೂರ್ತಿ ಮುಚ್ಚುವ ಅಗತ್ಯ ನಾವು ಅಂದುಕೊಂಡಿರುವುದಕ್ಕಿಂತ ಕಡಿಮೆ. ಅನೇಕ ಕಡೆ ಮಸುಕು ಮಾಡಿದರೆ ಸಾಕು.

ಎಚ್ಚರವಿರಬೇಕಾದ ಒಂದು ಜಾಗವಿದೆ. ಎಂಟು ಲೇಔಟ್ ಮಾಡಿ ಮುಗಿಸಿದ ಮೇಲೆ ಫಾಲ್ಸ್ ಸೀಲಿಂಗ್ ಎಂದು ಹೊಸ ಲೇಯರ್ ಸೇರಿಸಿದಿರೆಂದುಕೊಳ್ಳಿ, ಅದು ಎಂಟೂ ವ್ಯೂಪೋರ್ಟುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೊಸ ಲೇಯರ್ ಮಾಡುವಾಗ ಲೇಯರ್ ಪಟ್ಟಿಯ ಮೇಲ್ಗಡೆ, ಸಾಮಾನ್ಯ ಹೊಸ ಲೇಯರ್ ಗುಂಡಿಯ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ಅದನ್ನು ಒತ್ತಿ ಮಾಡಿದ ಲೇಯರ್ ಹುಟ್ಟುವಾಗಲೇ ಎಲ್ಲ ವ್ಯೂಪೋರ್ಟುಗಳಲ್ಲಿ ಫ್ರೀಜ್ ಆಗಿರುತ್ತದೆ. ಬೇಕಾದ ಒಂದರಲ್ಲಿ ಥಾ ಮಾಡಿಕೊಂಡರೆ ಆಯಿತು. ಈ ಗುಂಡಿಯನ್ನು ಬಳಸುವವರನ್ನು ನಾನು ಕಂಡದ್ದು ಬಹಳ ಕಡಿಮೆ.

ಗ್ರಿಡ್ ಎ-1:

ನಾನು ಸ್ಟ್ರಕ್ಚರಲ್ ಕಡೆಯವನು, ಆದ್ದರಿಂದ ಕಾಲಂ ವಿಷಯದಲ್ಲಿ ನನ್ನದೂ ಒಂದು ದೂರು ಇದೆ.

ಮೊದಲು ಬಾಗಿಲಿನ ಪ್ರಶ್ನೆ. ನಿಮ್ಮ ಬಾಗಿಲುಗಳು ಬ್ಲಾಕ್‌ಗಳು, ಅಂದರೆ ಒಮ್ಮೆ ಬರೆದು ಬೇಕಾದಲ್ಲೆಲ್ಲ ಇಡುವ ಗೆರೆಗಳ ಗುಂಪುಗಳು. ಬ್ಲಾಕಿಗೆ ಎರಡು ಬಗೆಯ ಲೇಯರ್ ಇರುತ್ತದೆ: ಬ್ಲಾಕ್ ಮಾಡುವಾಗ ಅದರೊಳಗಿನ ಗೆರೆಗಳು ಯಾವ ಲೇಯರ್‌ನಲ್ಲಿದ್ದವು ಎಂಬುದು ಒಂದು, ಆ ಬ್ಲಾಕನ್ನು ಪ್ಲಾನಿನಲ್ಲಿ ಇಡುವಾಗ ಕರೆಂಟ್ ಲೇಯರ್ ಯಾವುದಿತ್ತು ಎಂಬುದು ಇನ್ನೊಂದು. ಒಳಗಿನ ಗೆರೆಗಳು ಸೊನ್ನೆ ಲೇಯರ್‌ನಲ್ಲಿದ್ದರೆ (ಪ್ರತಿ ಕಡತದಲ್ಲೂ ಇರುವ '0' ಎಂಬ ಹೆಸರಿನ ಲೇಯರ್) ಅವಕ್ಕೆ ಸ್ವಂತ ಗುರುತಿಲ್ಲ, ಇಟ್ಟ ಲೇಯರಿನ ಗುಣವನ್ನೇ ತೆಗೆದುಕೊಳ್ಳುತ್ತವೆ. ಒಳಗಿನ ಗೆರೆಗಳು ಡೋರ್ ಎಂಬ ಲೇಯರ್‌ನಲ್ಲಿದ್ದು ಬ್ಲಾಕನ್ನು ನೀವು ಗೋಡೆಯ ಲೇಯರ್ ಮೇಲೆ ಇಟ್ಟಿದ್ದರೆ, ಗೋಡೆಯನ್ನು ಆಫ್ ಮಾಡಿದಾಗ ಬಾಗಿಲು ಉಳಿಯುತ್ತದೆ, ಏಕೆಂದರೆ ಆಫ್ ಎನ್ನುವುದು ಗೆರೆಯ ಸ್ವಂತ ಲೇಯರನ್ನು ಮಾತ್ರ ನೋಡುತ್ತದೆ. ಅದೇ ಗೋಡೆಯನ್ನು ಫ್ರೀಜ್ ಮಾಡಿದರೆ ಇಡೀ ಬ್ಲಾಕು, ಒಳಗೆ ಯಾವ ಲೇಯರ್ ಇದ್ದರೂ, ಮಾಯವಾಗುತ್ತದೆ. ನಿಮ್ಮಲ್ಲಿ ಕೆಲವು ಉಳಿದು ಕೆಲವು ಹೋಗುತ್ತಿರುವುದನ್ನು ನೋಡಿದರೆ ಎರಡು ಬಗೆಯಾಗಿ ಮಾಡಿದ ಬ್ಲಾಕುಗಳು ಬೆರೆತಿವೆ: ಕೆಲವನ್ನು ಸೊನ್ನೆಯಲ್ಲಿ ಮಾಡಿದ್ದೀರಿ, ಕೆಲವು ಎಲ್ಲಿಂದಲೋ ತಂದವು. ಬ್ಲಾಕಿನ ಒಳಗಿನದೆಲ್ಲ ಸೊನ್ನೆಯಲ್ಲಿ, ಬ್ಲಾಕ್ ಇಡುವುದು ಡೋರ್ ಲೇಯರ್‌ನಲ್ಲಿ ಎಂದು ಒಂದೇ ನಿಯಮ ಮಾಡಿಕೊಂಡರೆ ಈ ಗೋಜಲು ಮುಗಿಯುತ್ತದೆ.

ಈಗ ನನ್ನ ದೂರು. ಒಂದೇ ಕಡತದಲ್ಲಿ ಎಲ್ಲವನ್ನೂ ತುಂಬಿ ಲೇಯರ್ ಮುಚ್ಚಿ ತೆರೆದು ಮಾಡುವ ಪದ್ಧತಿಯನ್ನೇ ನಾನು ಒಪ್ಪುವುದಿಲ್ಲ. ಕಾಲಂ ಮತ್ತು ಸೆಂಟರ್ ಲೈನ್ ನನ್ನ ಕಡತದಲ್ಲಿರಲಿ, ಗೋಡೆ ಆರ್ಕಿಟೆಕ್ಟರ ಕಡತದಲ್ಲಿರಲಿ, ಒಬ್ಬರದನ್ನು ಇನ್ನೊಬ್ಬರು ಎಕ್ಸ್‌ರೆಫ್ ಆಗಿ, ಅಂದರೆ ಹೊರಗಿನ ಕಡತದ ಕೊಂಡಿಯಾಗಿ, ಜೋಡಿಸಿಕೊಳ್ಳಲಿ. ಆಗ ಯಾರ ಲೇಯರನ್ನು ಯಾರು ತಿದ್ದಬೇಕು ಎಂಬುದರಲ್ಲಿ ಗೊಂದಲವೇ ಇರುವುದಿಲ್ಲ. ಆರ್ಕಿಟೆಕ್ಟ್ ಕಚೇರಿಯಿಂದ ನನಗೆ ಬರುವ ಕಡತಗಳಲ್ಲಿ ಆಫ್ ಆಗಿರುವ ಲೇಯರ್‌ಗಳನ್ನು ಆನ್ ಮಾಡಿದರೆ ಹಿಂದಿನ ಮೂರು ಆಯ್ಕೆಗಳ ಮೆಟ್ಟಿಲು, ಮನೆಯವರು ಬೇಡವೆಂದ ಬಾಲ್ಕನಿ, ಒಮ್ಮೆಯಂತೂ ಗುತ್ತಿಗೆದಾರನ ದರಗಳ ಪಟ್ಟಿಯೇ ಸಿಕ್ಕಿತ್ತು. ಆಫ್ ಮಾಡಿದ ಮಾತ್ರಕ್ಕೆ ಯಾವುದೂ ಗುಟ್ಟಾಗುವುದಿಲ್ಲ, ಕಡತ ಪಡೆದವರು ಯಾರೂ ಬಲ್ಬ್ ಒತ್ತಬಹುದು. ಹೊರಗೆ ಕಳಿಸುವಾಗ ಬೇಕಾದದ್ದನ್ನಷ್ಟೇ ಡಬ್ಲ್ಯೂಬ್ಲಾಕ್ ಮಾಡಿ ಬೇರೆ ಕಡತವಾಗಿ ಕಳಿಸಿ, ಇಲ್ಲವಾದರೆ ಪಿಡಿಎಫ್ ಕೊಡಿ.

ಡಕ್ಟ್ ಮತ್ತು ಪೈಪು:

ಗ್ರಿಡ್ ಸರ್, ದೊಡ್ಡ ಯೋಜನೆಗೆ ನಿಮ್ಮ ಮಾತು ಸರಿ, ನಾವೂ ಹಾಗೆಯೇ ಮಾಡುತ್ತೇವೆ. ಆದರೆ ಒಬ್ಬರೇ ಕುಳಿತು ಬರೆಯುವ ಮನೆಯ ಪ್ಲಾನಿಗೆ ನಾಲ್ಕು ಎಕ್ಸ್‌ರೆಫ್ ಮಾಡಿದರೆ, ಪೆನ್‌ಡ್ರೈವಿನಲ್ಲಿ ಒಂದು ಕಡತ ತೆಗೆದುಕೊಂಡು ಹೋಗಿ ಮೂರನ್ನು ಮರೆತು ಬರುವ ಹೊಸ ತಲೆನೋವು ಶುರುವಾಗುತ್ತದೆ. ಜೊತೆಗೆ ಎಕ್ಸ್‌ರೆಫ್ ಲೇಯರ್‌ಗಳ ಕಾಣುವಿಕೆಗೆ ತನ್ನದೇ ಆದ ಒಂದು ಸಿಕ್ಕು ಇದೆ, ಅದನ್ನು ಹೇಳದೆ ಎಕ್ಸ್‌ರೆಫ್ ಮಾಡಿ ಎಂದು ಸಲಹೆ ಕೊಡುವುದು ಅರ್ಧ ಸಲಹೆಯಾಗುತ್ತದೆ.

ಎಕ್ಸ್‌ರೆಫ್ ಆಗಿ ಬಂದ ಲೇಯರ್‌ಗಳು ಪಟ್ಟಿಯಲ್ಲಿ ಮೂಲ ಕಡತದ ಹೆಸರು, ನಡುವೆ ಒಂದು ನೆಟ್ಟ ಗೆರೆ, ನಂತರ ಲೇಯರಿನ ಹೆಸರು ಹೀಗೆ ಕಾಣುತ್ತವೆ. ಅವುಗಳ ಮೇಲೆ ಗೆರೆ ಎಳೆಯಲಾಗುವುದಿಲ್ಲ, ಅವನ್ನು ಕರೆಂಟ್ ಮಾಡಿಕೊಳ್ಳಲೂ ಆಗುವುದಿಲ್ಲ, ಆದರೆ ಮುಚ್ಚಬಹುದು, ಬಣ್ಣ ಬದಲಿಸಬಹುದು. ಹೀಗೆ ಬದಲಿಸಿದ್ದು ಮುಂದಿನ ಸಲ ಕಡತ ತೆರೆದಾಗ ಉಳಿಯುತ್ತದೆಯೇ ಎಂಬುದನ್ನು ವಿಸ್‌ರಿಟೇನ್ ಎಂಬ ಸಿಸ್ಟಮ್ ವೇರಿಯಬಲ್ ತೀರ್ಮಾನಿಸುತ್ತದೆ. ಅದು 1 ಇದ್ದರೆ ನಿಮ್ಮ ಕಡತದಲ್ಲಿ ನೀವು ಮಾಡಿದ ಬದಲಾವಣೆ ಉಳಿಯುತ್ತದೆ. 0 ಇದ್ದರೆ ತೆರೆದಾಗಲೆಲ್ಲ, ರೀಲೋಡ್ ಮಾಡಿದಾಗಲೆಲ್ಲ, ಮೂಲ ಕಡತದಲ್ಲಿ ಹೇಗಿದೆಯೋ ಹಾಗೆ ಮರಳುತ್ತದೆ. 'ನಿನ್ನೆ ಇಡೀ ಮಧ್ಯಾಹ್ನ ಕುಳಿತು ಮುಚ್ಚಿದ ಲೇಯರ್‌ಗಳೆಲ್ಲ ಇವತ್ತು ತೆರೆದುಕೊಂಡಿವೆ' ಎಂದು ಯಾರಾದರೂ ಗೋಳಿಟ್ಟರೆ ನಾನು ಮೊದಲು ನೋಡುವುದು ಈ ಸಂಖ್ಯೆಯನ್ನೇ. 1 ಇದ್ದರೂ ಇನ್ನೊಂದು ಮಾತು ಉಳಿಯುತ್ತದೆ: ಮೂಲ ಕಡತದಲ್ಲಿ ಅವರು ಗ್ರಿಡ್ಡಿನ ಬಣ್ಣ ಬದಲಿಸಿದರೆ ಅದು ನಿಮ್ಮಲ್ಲಿ ಕಾಣುವುದಿಲ್ಲ, ಏಕೆಂದರೆ ಹಳೆಯದನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ. ಅವರು ಹೊಸ ಲೇಯರ್ ಸೇರಿಸಿದರೆ ಮಾತ್ರ ಅದು ಬಂದೇ ಬರುತ್ತದೆ, ಅವರಲ್ಲಿ ಆನ್ ಇದ್ದರೆ ನಿಮ್ಮಲ್ಲೂ ಆನ್ ಆಗಿಯೇ.

ಹಳೆಯ ಟ್ರೇಸಿಂಗ್:

ಲೇಯರ್ ಸ್ಟೇಟ್ ವಿಷಯ ಯಾರೂ ಎತ್ತಲಿಲ್ಲವಲ್ಲ. ಸೆಂಟರ್‌ಲೈನ್ ಅವರ ಎಂಟು ಶೀಟಿನ ಪ್ರಶ್ನೆಗೆ ನನ್ನ ಕಚೇರಿಯಲ್ಲಿ ವರ್ಷಗಟ್ಟಲೆ ಬಳಸಿದ ಉತ್ತರ ಅದೇ. ಎಲೆಕ್ಟ್ರಿಕಲ್ ಶೀಟಿಗೆ ಬೇಕಾದಂತೆ ಲೇಯರ್‌ಗಳನ್ನೆಲ್ಲ ಒಮ್ಮೆ ಹೊಂದಿಸಿ, ಆ ಸ್ಥಿತಿಗೆ ಒಂದು ಹೆಸರು ಕೊಟ್ಟು ಉಳಿಸಿಬಿಟ್ಟರೆ, ಮುಂದೆ ಆ ಹೆಸರನ್ನು ಆಯ್ದರೆ ಸಾಕು, ಎಲ್ಲವೂ ತಾನೇ ಹೊಂದಿಕೊಳ್ಳುತ್ತದೆ. ಎಲ್‌ಎಎಸ್ ಕಡತವಾಗಿ ಹೊರಗೆ ಉಳಿಸಿ, ಮುಂದಿನ ಮನೆಯ ಡ್ರಾಯಿಂಗಿಗೂ ತಂದುಕೊಳ್ಳಬಹುದು.

ಡಕ್ಟ್ ಮತ್ತು ಪೈಪು:

ಸರ್, ಗೌರವದಿಂದಲೇ ಭಿನ್ನವಾಗಿ ಹೇಳುತ್ತೇನೆ. ಮಾಡೆಲ್ ಸ್ಪೇಸಿನಲ್ಲಿ ಲೇಯರ್ ಸ್ಟೇಟ್ ಬಳಸಿದರೆ ಎಂಟು ಸಲ ಬಲ್ಬ್ ಒತ್ತುವ ಶ್ರಮ ತಪ್ಪುತ್ತದೆ, ಮೂಲದ ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ. ಎಲೆಕ್ಟ್ರಿಕಲ್ ಸ್ಟೇಟ್ ಹಾಕಿಕೊಂಡು ಕಾಲಂ ಕಾಣದ ಸ್ಥಿತಿಯಲ್ಲೇ ಪ್ಲಾನ್ ಸರಿಸುವವರು ಸರಿಸುತ್ತಾರೆ. ಅಷ್ಟೇ ಅಲ್ಲ, ಸ್ಟೇಟ್ ಉಳಿಸಿದ ಮೇಲೆ ಸೇರಿಸಿದ ಲೇಯರಿನ ಬಗ್ಗೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಮರಳಿ ತರುವಾಗ 'ಈ ಸ್ಟೇಟಿನಲ್ಲಿ ಇಲ್ಲದ ಲೇಯರ್‌ಗಳನ್ನು ಆಫ್ ಮಾಡು' ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಹೊಸದೆಲ್ಲ ಪ್ರಿಂಟಿನಲ್ಲಿ ಬರುತ್ತದೆ, ಹಾಕಿದರೆ ಬೇಕಾದದ್ದೂ ಹೋಗುತ್ತದೆ.

ಹಳೆಯ ಟ್ರೇಸಿಂಗ್:

ಒಪ್ಪಿದೆ, ಆದರೆ ಅರ್ಧ ಮಾತ್ರ. ವ್ಯೂಪೋರ್ಟಿನೊಳಗೆ ಹೊಕ್ಕು ಲೇಯರ್ ಸ್ಟೇಟ್ ಮರಳಿ ತಂದರೆ ಅದರ ಪರಿಣಾಮವನ್ನು ಆ ವ್ಯೂಪೋರ್ಟಿಗೆ ಮಾತ್ರ ಸೀಮಿತಗೊಳಿಸುವ ಆಯ್ಕೆಯೂ ಇದೆ, ಆಗ ಮಾಡೆಲ್ ಸ್ಪೇಸಿಗೆ ಏನೂ ಆಗುವುದಿಲ್ಲ. ಹೊಸ ಮನೆಯ ಡ್ರಾಯಿಂಗಿನಲ್ಲಿ ಎಂಟು ಲೇಔಟುಗಳ ವಿಪಿ ಫ್ರೀಜನ್ನು ಒಂದೊಂದಾಗಿ ಒತ್ತುವ ಬದಲು ಎಲ್‌ಎಎಸ್ ಕಡತದಿಂದ ತುಂಬಿಬಿಡಬಹುದು. ನಿಮ್ಮ ಕ್ರಮವೇ ಇರಲಿ, ನನ್ನ ಕಡತದಿಂದ ಅದು ಬೇಗ ಮುಗಿಯುತ್ತದೆ.

ಅದಕ್ಕಿಂತ ಮೊದಲು ಲೇಯರ್‌ಗೆ ಹೆಸರಿಡುವುದು ಸರಿಯಾಗಬೇಕು. ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ ಎಐಎ 1990ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಮೊದಲ ಅಕ್ಷರವೇ ವಿಭಾಗವನ್ನು ಹೇಳುತ್ತದೆ: ಎ ಎಂದರೆ ಆರ್ಕಿಟೆಕ್ಚರ್, ಎಸ್ ಎಂದರೆ ಸ್ಟ್ರಕ್ಚರ್, ಇ ಎಂದರೆ ಎಲೆಕ್ಟ್ರಿಕಲ್, ಪಿ ಎಂದರೆ ಪ್ಲಂಬಿಂಗ್, ಆಮೇಲೆ ಒಂದು ಅಡ್ಡಗೆರೆ, ನಂತರ ವಸ್ತುವಿನ ಸಂಕ್ಷಿಪ್ತ ಹೆಸರು. ಅಂತರರಾಷ್ಟ್ರೀಯ ಮಟ್ಟದಲ್ಲಿ ಐಎಸ್‌ಒ 13567 ಇದೆ. ಯಾವುದನ್ನು ಅನುಸರಿಸುತ್ತೀರಿ ಎಂಬುದಕ್ಕಿಂತ ಒಂದನ್ನು ಅನುಸರಿಸುವುದು ಮುಖ್ಯ, ಏಕೆಂದರೆ ಹೆಸರು ವಿಭಾಗದ ಅಕ್ಷರದಿಂದ ಶುರುವಾದರೆ ವಿಪಿಲೇಯರ್ ಆಜ್ಞೆಗೆ 'ಇ-' ಮತ್ತು ಒಂದು ನಕ್ಷತ್ರ ಚಿಹ್ನೆ ಕೊಟ್ಟು ವಿದ್ಯುತ್ತಿಗೆ ಸಂಬಂಧಪಟ್ಟ ಹದಿನೈದು ಲೇಯರ್‌ಗಳನ್ನು ಒಂದೇ ಏಟಿಗೆ ಫ್ರೀಜ್ ಮಾಡಬಹುದು. 'ಲೇಯರ್1', 'ನ್ಯೂ', 'ನ್ಯೂ ನ್ಯೂ' ಎಂದು ಹೆಸರಿಟ್ಟವರಿಗೆ ಈ ಸುಖವಿಲ್ಲ.

ಉಚಿತ ತಂತ್ರಾಂಶ:

ನಾನು ಡಿಪ್ಲೊಮಾ ವಿದ್ಯಾರ್ಥಿ. ಮನೆಯ ಕಂಪ್ಯೂಟರಿನಲ್ಲಿ ಲಿಬ್ರೆಕ್ಯಾಡ್ ಇದೆ. ಅದರ ಲೇಯರ್ ಪಟ್ಟಿಯಲ್ಲಿ ಕಣ್ಣು, ಬೀಗ, ಪ್ರಿಂಟರ್ ಹೀಗೆ ಕೆಲವು ಚಿಹ್ನೆಗಳಿವೆ, ಆದರೆ ಬಲ್ಬ್ ಬೇರೆ, ಹಿಮ ಬೇರೆ ಎಂದಿಲ್ಲ. ಪ್ರಿಂಟರ್ ಚಿಹ್ನೆಯನ್ನು ಆರಿಸಿದರೆ ಏನಾಗುತ್ತದೆ? ಆಟೋಕ್ಯಾಡ್‌ನಲ್ಲೂ ಅದೇ ಇದೆಯೇ?

ಗ್ರಿಡ್ ಎ-1:

ಇದೆ. ಪ್ರಿಂಟರ್ ಚಿಹ್ನೆ ಆರಿಸಿದ ಲೇಯರ್ ಪರದೆಯ ಮೇಲೆ ಕಾಣುತ್ತದೆ, ಕೆಲಸಕ್ಕೂ ಸಿಗುತ್ತದೆ, ಕಾಗದದ ಮೇಲೆ ಮಾತ್ರ ಬರುವುದಿಲ್ಲ. ಅಳತೆಗೆಂದು ಹಾಕಿದ ಸಹಾಯಕ ಗೆರೆ, ನನಗಾಗಿ ಬರೆದುಕೊಂಡ ಟಿಪ್ಪಣಿ, ವ್ಯೂಪೋರ್ಟಿನ ಚೌಕಟ್ಟು ಇವೆಲ್ಲ ಅಲ್ಲಿರಬೇಕು. ಇವನ್ನು ಪ್ರಿಂಟಿಗೆ ಮುಂಚೆ ಆಫ್ ಮಾಡಿ ಆಮೇಲೆ ಆನ್ ಮಾಡುವವರು ಸುಮ್ಮನೆ ಕೈ ನೋಯಿಸಿಕೊಳ್ಳುತ್ತಾರೆ. ಅನೇಕರು ಇದಕ್ಕೆ ಡೆಫ್‌ಪಾಯಿಂಟ್ಸ್ ಲೇಯರ್ ಬಳಸುತ್ತಾರೆ, ಏಕೆಂದರೆ ಅದು ಪ್ರಿಂಟ್ ಆಗುವುದಿಲ್ಲ. ದಯವಿಟ್ಟು ಬೇಡ. ಅದು ಡೈಮೆನ್ಷನ್ ಹಾಕಿದಾಗ ತಂತ್ರಾಂಶ ತನಗಾಗಿ ಮಾಡಿಕೊಳ್ಳುವ ಲೇಯರ್, ಅದರ ನಡತೆ ಉಳಿದವುಗಳಂತಲ್ಲ. ಸೊನ್ನೆ ಲೇಯರನ್ನು ಆಫ್ ಅಥವಾ ಫ್ರೀಜ್ ಮಾಡಿದರೆ ಡೆಫ್‌ಪಾಯಿಂಟ್ಸ್‌ನಲ್ಲಿರುವ ವಸ್ತು ಕಣ್ಣಿಗೆ ಕಾಣುತ್ತಿದ್ದರೂ ಆಯ್ಕೆಗೆ ಸಿಗುವುದಿಲ್ಲ. ಕಾರಣ ತಿಳಿಯದೆ ಒಂದು ಸಂಜೆಯೆಲ್ಲ ಮೌಸ್ ಕುಟ್ಟಿದ್ದೇನೆ. 'ನೋ ಪ್ಲಾಟ್' ಎಂದು ನಿಮ್ಮದೇ ಲೇಯರ್ ಮಾಡಿಕೊಳ್ಳಿ.

ಬೀಗದ ಬಗ್ಗೆಯೂ ಒಂದು ಮಾತು. ಲಾಕ್ ಮಾಡಿದ ಲೇಯರ್ ಕಾಣುತ್ತದೆ, ತಿದ್ದಲು ಬರುವುದಿಲ್ಲ, ಮಸುಕಾಗುತ್ತದೆ. ಆ ಮಸುಕು ತಂತ್ರಾಂಶದಲ್ಲಿ ಮೊದಲಿಗೆ ಶೇ. 50 ಇರುತ್ತದೆ, ಬೇಕಾದಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಲಾಕ್ ಆದ ಕಾಲಂ ಕೂಡ ಮೂವ್‌ನಲ್ಲಿ ಹಿಂದೆಯೇ ಉಳಿಯುತ್ತದೆಯಾದರೂ, ಇಷ್ಟು ವಸ್ತುಗಳು ಲಾಕ್ ಆದ ಲೇಯರ್‌ನಲ್ಲಿದ್ದವು ಎಂದು ಕಮಾಂಡ್ ಸಾಲಿನಲ್ಲಿ ಬರುತ್ತದೆ, ಕಣ್ಣೆದುರಿಗೇ ಹಿಂದುಳಿದದ್ದೂ ಕಾಣುತ್ತದೆ. ಅಡ್ಡ ಬರುವ ಲೇಯರನ್ನು ಮುಚ್ಚುವುದಕ್ಕಿಂತ ಲಾಕ್ ಮಾಡುವುದು ಉತ್ತಮವೆಂದು ನಾನು ಹೇಳುವುದು ಇದಕ್ಕೇ. ಲೇಯರ್ ಐಸೊಲೇಟ್ ಆಜ್ಞೆಯ ಸೆಟ್ಟಿಂಗ್ಸ್‌ನಲ್ಲಿ ಉಳಿದ ಲೇಯರ್‌ಗಳನ್ನು ಆಫ್ ಮಾಡಬೇಕೋ, ಲಾಕ್ ಮಾಡಿ ಮಸುಕುಗೊಳಿಸಬೇಕೋ ಎಂದು ಕೇಳುತ್ತದೆ. ಎರಡನೆಯದನ್ನು ಆರಿಸಿಕೊಳ್ಳಿ.

ಸೆಂಟರ್‌ಲೈನ್:

ಎಲ್ಲರಿಗೂ ಧನ್ಯವಾದ. ನಿನ್ನೆ ಮತ್ತು ಇವತ್ತು ಕುಳಿತು ಕಡತವನ್ನು ಹೊಸದಾಗಿ ಜೋಡಿಸಿದೆ. ಎಲ್ಲ ಲೇಯರ್ ತೆರೆದು, ಕಾಲಂಗಳನ್ನು 300 ಮಿ.ಮೀ. ಸರಿಸಿ, ಗೋಡೆಯೊಂದಿಗೆ ಹೊಂದುತ್ತವೆಂದು ಮೂಲೆ ಮೂಲೆಯಲ್ಲೂ ಪರೀಕ್ಷಿಸಿದೆ. ಎಂಟು ಲೇಔಟ್ ಮಾಡಿ ವಿಪಿ ಫ್ರೀಜ್ ಹಾಕಿದ್ದೇನೆ. ಎಲೆಕ್ಟ್ರಿಕಲ್ ಶೀಟಿನಲ್ಲಿ ಗೋಡೆಯನ್ನು ಬೂದು ಮಾಡಿದ್ದು ನಮ್ಮ ಸರ್‌ಗೂ ಹಿಡಿಸಿತು. ಮಂಜೂರಾತಿಗೆ ಕಳಿಸುವ ನಕ್ಷೆಯನ್ನು ಮಾತ್ರ ಪ್ರತ್ಯೇಕ ಕಡತವಾಗಿಯೇ ಇಟ್ಟಿದ್ದೇನೆ, ಏಕೆಂದರೆ ಅಲ್ಲಿ ತಂತ್ರಾಂಶವೇ ಲೇಯರ್ ಹೆಸರು ನೋಡಿ ಪರಿಶೀಲಿಸುವುದರಿಂದ ಅವರು ಕೊಟ್ಟ ಹೆಸರುಗಳೇ ಇರಬೇಕು.

ಎರಡು ತೊಂದರೆ ಉಳಿದಿವೆ. ಮೊದಲ ಮಹಡಿಯ ಒಂದು ಮೆಟ್ಟಿಲು ಯಾವ ಲೇಔಟಿನಲ್ಲೂ, ಮಾಡೆಲ್‌ನಲ್ಲೂ ಕಾಣುತ್ತಿಲ್ಲ. ಅದರ ಲೇಯರ್ ಆನ್ ಇದೆ, ಥಾ ಇದೆ, ಅದೇ ಲೇಯರಿನ ನೆಲಮಹಡಿಯ ಮೆಟ್ಟಿಲು ಸರಿಯಾಗಿ ಕಾಣುತ್ತಿದೆ. ಇನ್ನೊಂದು, ಟೆರೇಸ್ ಶೀಟಿನಲ್ಲಿ ಎಲ್ ಆಕಾರದ ವ್ಯೂಪೋರ್ಟ್ ಮಾಡಿದ್ದೆ. ಇಲ್ಲಿಯವರೆಗೆ ಓದಿದ್ದರ ಪ್ರಭಾವದಿಂದ ಚೌಕಟ್ಟಿನ ಲೇಯರನ್ನು ಆಫ್ ಮಾಡದೆ ಫ್ರೀಜ್ ಮಾಡಿದೆ. ಚೌಕಟ್ಟು ಹೋಯಿತು, ಆದರೆ ಎಲ್ ಆಕಾರದ ಆಚೆಗೆ ಮರೆಯಾಗಿರಬೇಕಾದ ಪಕ್ಕದ ಪ್ಲಾನ್ ಕೂಡ ಕಾಣತೊಡಗಿತು.

ಡಕ್ಟ್ ಮತ್ತು ಪೈಪು:

ಮೆಟ್ಟಿಲಿಗೂ ಲೇಯರಿಗೂ ಸಂಬಂಧವಿಲ್ಲ. ಹೈಡ್ ಆಬ್ಜೆಕ್ಟ್ಸ್ ಅಥವಾ ಐಸೊಲೇಟ್ ಆಬ್ಜೆಕ್ಟ್ಸ್ ಎಂಬ ಆಜ್ಞೆ ಒಂದೊಂದೇ ವಸ್ತುವನ್ನು ಮರೆಮಾಡುತ್ತದೆ, ಅದು ಲೇಯರ್ ಪಟ್ಟಿಯಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ. ಬಲ ಗುಂಡಿಯ ಮೆನುವಿನಲ್ಲಿ ಅದು ಕೈಗೆ ಹತ್ತಿರವೇ ಇರುವುದರಿಂದ ಗೊತ್ತಿಲ್ಲದೆ ಒತ್ತಿರುತ್ತೇವೆ. ಸಾಮಾನ್ಯವಾಗಿ ಕಡತ ಮುಚ್ಚಿ ತೆರೆದರೆ ಮರಳಿ ಕಾಣಬೇಕು. ಆಬ್ಜೆಕ್ಟ್ ಐಸೊಲೇಷನ್ ಮೋಡ್ 1 ಆಗಿದ್ದರೆ ಮಾತ್ರ ಕಡತದೊಂದಿಗೆ ಉಳಿದುಬಿಡುತ್ತದೆ, ನಿಮ್ಮದು ಹಾಗೆಯೇ ಇರಬೇಕು. ಎಂಡ್ ಆಬ್ಜೆಕ್ಟ್ ಐಸೊಲೇಷನ್ ಕೊಟ್ಟು ನೋಡಿ.

ಹಳೆಯ ಟ್ರೇಸಿಂಗ್:

ಎಲ್ ಆಕಾರದ್ದು ನನ್ನ ತಪ್ಪೇ, ಮೊದಲೇ ಹೇಳಬೇಕಿತ್ತು. ಆಯತಾಕಾರವಲ್ಲದ ವ್ಯೂಪೋರ್ಟಿನ ಚೌಕಟ್ಟು ಬರಿಯ ಅಂಚಲ್ಲ, ಒಳಗಿನ ಚಿತ್ರವನ್ನು ಕತ್ತರಿಸುವ ಕತ್ತರಿಯೂ ಅದೇ. ಅದರ ಲೇಯರ್ ಫ್ರೀಜ್ ಆದರೆ ಕತ್ತರಿಯನ್ನೂ ಲೆಕ್ಕದಿಂದ ತೆಗೆದಂತಾಗಿ ಚಿತ್ರ ಆಚೆಗೆ ಚೆಲ್ಲುತ್ತದೆ. ಆಫ್ ಆದ ಲೇಯರ್ ಕಾಣದಿದ್ದರೂ ಲೆಕ್ಕದಲ್ಲಿರುತ್ತದೆ ಎಂದೆನಲ್ಲ, ಇಲ್ಲಿ ನಮಗೆ ಬೇಕಾದದ್ದು ಅದೇ ಗುಣ. ಥಾ ಮಾಡಿ, ಆಫ್ ಮಾಡಿ. ಇಲ್ಲವೇ ಗ್ರಿಡ್ ಅವರು ಹೇಳಿದ ನೋ ಪ್ಲಾಟ್ ಲೇಯರ್‌ಗೆ ಹಾಕಿಬಿಡಿ.

ಸೆಂಟರ್‌ಲೈನ್:

ಮೆಟ್ಟಿಲು ಬಂತು. ಅದರ ಜೊತೆಗೆ ಅಡುಗೆಮನೆಯ ಸಿಂಕ್ ಕೂಡ ಬಂತು, ಅದು ಇಲ್ಲದ್ದು ನನಗೆ ಗೊತ್ತೇ ಇರಲಿಲ್ಲ. ಟೆರೇಸ್ ಚೌಕಟ್ಟನ್ನು ನೋ ಪ್ಲಾಟ್ ಲೇಯರ್‌ಗೆ ಹಾಕಿದೆ, ಎಲ್ ಆಕಾರ ಸರಿಯಾಗಿ ಕತ್ತರಿಸಿದೆ. ಪ್ಲಂಬಿಂಗ್ ಶೀಟಿಗೆ ಸಿಂಕಿನ ಪೈಪು ಸೇರಿಸಿ ನಾಳೆ ಎಂಟೂ ಪ್ರಿಂಟ್ ಸೈಟಿಗೆ ಕಳಿಸುತ್ತೇನೆ, ಮೇಸ್ತ್ರಿಯವರು ಮತ್ತೆ ಪಕ್ಕಪಕ್ಕ ಹಿಡಿದು ನೋಡಲಿ.